ಗಂಜಿ ತಾಮಸಿನ್‌ಳ ಮಗ ರಾಣಿಯಾದದ್ದು

ನನ್ನ ಮಗ ಗಿಬ್‌ನನ್ನು ಹಾಡಲಿಕ್ಕೆಂದು ಹಿಡಿದುಕೊಂಡು ಹೋದರು ಎಂದಾಗ ನಮ್ಮ ಓಣಿಯವರು ಮೊದಲು ನಕ್ಕುಬಿಟ್ಟರು. ನಗದೆ ಏನು ಮಾಡುತ್ತಾರೆ? ಭಾನುವಾರ ಇಗರ್ಜಿಯಲ್ಲಿ ಅವನು ಬಾಯಿ ತೆರೆದರೆ ಪಾದ್ರಿಗಳೇ ಕಣ್ಸನ್ನೆ ಮಾಡಿ ಮುಚ್ಚಿಸುತ್ತಿದ್ದರು. ಹನ್ನೆರಡು ವರ್ಷದ ಹುಡುಗ. ಎಣ್ಣೆ ಕಾಣದ ಬಾಗಿಲಿನಂಥ ದನಿ.

ಸೆಪ್ಟೆಂಬರ್ ಕೊನೆಯ ಮೈಕೆಲ್ಮಸ್ ಹಬ್ಬ ಕಳೆದ ವಾರ ಅದು. ಬೆಳಗ್ಗೆ ಆರಕ್ಕೇ ಅವನಿಗೆ ಶಾಲೆ. ಎರಡು ತುಂಡು ರೊಟ್ಟಿಯ ನಡುವೆ ಉಪ್ಪುಮೀನು ಇಟ್ಟು ಬಟ್ಟೆಯಲ್ಲಿ ಕಟ್ಟಿ ಕೊಟ್ಟೆ. "ಲ್ಯಾಟಿನ್ ಪಾಠ ಬಾಯಿಗೆ ಬಂತೇನೋ?" ಎಂದೆ. "ಬಂತಮ್ಮಾ" ಎಂದ. ಅವನು ಪುಸ್ತಕವನ್ನೇ ತೆರೆದಿರಲಿಲ್ಲ, ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಒಲೆಯ ಮೇಲೆ ಬಟ್ಟೆಗೆ ಹಾಕುವ ಗಂಜಿ ಕುದಿಯುತ್ತಿತ್ತು, ಕೈಬಿಟ್ಟರೆ ತಳ ಹಿಡಿಯುತ್ತದೆ. ಹಾಗಾಗಿ ಅವನು ಹೋಗುವುದನ್ನು ತಿರುಗಿ ನೋಡಲಿಲ್ಲ.

ಒಂಬತ್ತರ ಹೊತ್ತಿಗೆ ನೀರು ಹೊರುವ ಹಾಬ್ ಏದುಸಿರು ಬಿಡುತ್ತ ಬಾಗಿಲಿಗೆ ಬಂದ.

"ತಾಮಸಿನ್, ನಿನ್ ಹುಡುಗನ್ನ ಇಬ್ರು ಗಂಡಸರು ತೋಳು ಹಿಡ್ಕೊಂಡು ಎಳ್ಕೊಂಡು ಹೋದ್ರು ಕಣಮ್ಮ. ನಾನು ತಡೆಯಕ್ಕೆ ಹೋದೆ. ಕಾಗದ ತೋರಿಸಿದ್ರು. ಅರಮನೆ ಮೊಹರು ಇತ್ತು ಅದರ ಮೇಲೆ. ಅರಮನೆ ಇಗರ್ಜಿಲಿ ಹಾಡಕ್ಕೆ ಯಾವ ಹುಡುಗನ್ನಾದ್ರೂ ಹಿಡ್ಕೊಂಡು ಹೋಗಬಹುದಂತೆ."

"ಎಲ್ಲಿಗೆ ಕರ್ಕೊಂಡು ಹೋದ್ರು?"

"ಹಳೇ ಮಠದ ಊಟದ ಸಾಲೆಗೆ. ಹುಡುಗ್ರ ಕೈಲಿ ನಾಟಕ ಆಡಿಸ್ತಾರಲ್ಲ, ಅಲ್ಲಿಗೆ."

ದೊಡ್ಡವರು ಕೊರಳ ಸುತ್ತ ಗಾಡಿಚಕ್ರದಷ್ಟು ಅಗಲಕ್ಕೆ ಕಟ್ಟಿಕೊಳ್ಳುವ ನೆರಿಗೆಪಟ್ಟಿಗಳಿಗೆ ಗಂಜಿ ಹಾಕಿ, ಕಾದ ಕಬ್ಬಿಣದ ಕಡ್ಡಿಯಿಂದ ಒಂದೊಂದೇ ನೆರಿಗೆ ಎಬ್ಬಿಸಿ ನಿಲ್ಲಿಸುವುದು ನನ್ನ ಕಸುಬು. ಗಂಡ ಜ್ವರದಲ್ಲಿ ಹೋದ ಮೇಲೆ, ಹಾಲೆಂಡಿನಿಂದ ಬಂದು ಪಕ್ಕದ ಮನೆಯಲ್ಲಿದ್ದ ಮಾಯ್ಕೆ ಈ ಕೆಲಸ ಕಲಿಸಿ ನನ್ನನ್ನೂ ಮಗನನ್ನೂ ಬದುಕಿಸಿದಳು. ಆ ದಿನ ಕಡ್ಡಿಯನ್ನು ಒಲೆಯಲ್ಲೇ ಬಿಟ್ಟು, ಮೊಣಕೈವರೆಗೂ ಗಂಜಿ ಅಂಟಿಕೊಂಡಿದ್ದ ಹಾಗೆಯೇ ಓಡಿದೆ.

ಆ ನಾಟಕಶಾಲೆಯ ಒಡೆಯನ ಹೆಸರು ಹಾಸ್ಕ್. ತೆಳ್ಳಗಿನ ಮನುಷ್ಯ, ಚೂಪು ಗಡ್ಡ, ಮಾತು ಮಾತ್ರ ಬೆಣ್ಣೆ.

"ಸ್ವಾಮಿ, ಏನೋ ತಪ್ಪಾಗಿದೆ," ಎಂದೆ. "ನನ್ ಮಗನಿಗೆ ಹಾಡಕ್ಕೆ ಬರಲ್ಲ."

"ಗೊತ್ತು. ಬೆಳಗ್ಗೆ ಒಂದ್ಸಲ ಹಾಡಿಸಿ ನೋಡ್ದೆ. ಕಿವಿ ಇನ್ನೂ ನೋಯ್ತಿದೆ."

"ಮತ್ತೆ ಬಿಟ್ಬಿಡಿ."

"ಹಾಡೋರು ನನ್ನ ಹತ್ರ ಎಂಟು ಜನ ಇದಾರಮ್ಮ. ನನಗೀಗ ಬೇಕಾಗಿರೋದು ರಾಣಿ. ನಿನ್ ಮಗ ಒಂದ್ಸಲ ಓದಿದ್ದು ಮರೆಯಲ್ಲ, ಗಡ್ಡ ಬರಕ್ಕೆ ಇನ್ನೂ ನಾಲ್ಕು ವರ್ಷ ಇದೆ. ಸಾಕಲ್ಲ?"

"ಕಾಗದದಲ್ಲಿ ಹಾಡೋ ಹುಡುಗ್ರು ಅಂತ ತಾನೇ ಬರ್ದಿರೋದು?"

ಅವನು ಮೊಹರಿನ ಕಾಗದವನ್ನು ನನ್ನ ಮೂಗಿನ ಮುಂದೆ ಹಿಡಿದ. "ಓದಕ್ಕೆ ಬರುತ್ತೇನಮ್ಮ ನಿನಗೆ?"

"ಇಲ್ಲ."

"ಹಾಗಿದ್ಮೇಲೆ ಇದರಲ್ಲಿ ಏನಿದೆ ಅಂತ ನಾನು ಹೇಳಿದ್ದೇ ಸೈ."

ಸಾಲೆಯ ಆ ತುದಿಯಲ್ಲಿ ಗಿಬ್ ನಿಂತಿದ್ದ. ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಅವನ ಪಕ್ಕದ ಬೆಂಚಿನ ಮೇಲೆ ಬೆತ್ತ. ರೊಟ್ಟಿಯ ಗಂಟು ಇನ್ನೂ ಕಂಕುಳಲ್ಲೇ ಇತ್ತು, ಬಿಚ್ಚಿರಲಿಲ್ಲ. ನಾನು ಕಿರುಚುತ್ತ ಅವನತ್ತ ನುಗ್ಗಿದೆ. ಬಾಗಿಲು ಕಾಯುವ ಇಬ್ಬರು ನನ್ನನ್ನು ಹಿಂದಿನಿಂದ ಎತ್ತಿ ಹೊರಗೆ ಬಿಸಾಡಿದರು. ಎಡಗಾಲಿನ ಜೋಡು ಹೊಸ್ತಿಲಿಗೆ ಸಿಕ್ಕಿ ಒಳಗೇ ಉಳಿಯಿತು.

ನನಗೆ ಇದ್ದದ್ದು ಒಂದೇ ಜೊತೆ ಜೋಡು. ಕುಂಟುತ್ತ ಹಿಂದಕ್ಕೆ ಹೋದೆ. ಕಾವಲಿನವನೊಬ್ಬ ಅದನ್ನು ಕಾಲ್ಬೆರಳಿನಿಂದ ನನ್ನತ್ತ ತಳ್ಳಿದ. ಒಂಟಿ ಕಾಲಲ್ಲಿ ನಿಂತು, ಗೋಡೆ ಹಿಡಿದು, ಅದನ್ನು ಹಾಕಿಕೊಂಡೆ. ಗಂಜಿಯ ಕೈಯನ್ನು ಹೊಟ್ಟೆಗೆ ಎರಡು ಸಲ ಒರೆಸಿಕೊಂಡೆ. ಆಮೇಲೆ ಮತ್ತೆ ಕಿರುಚಲು ಶುರುಮಾಡಿದೆ. ಒಳಗಿನ ಹುಡುಗರೆಲ್ಲ ಸಾಲಾಗಿ ನಿಂತು ನೋಡುತ್ತಿದ್ದರು. ಗಿಬ್ ಕೂಡ ನೋಡುತ್ತಿದ್ದ. ಅವನ ಕಣ್ಣೆದುರೇ ಬಾಗಿಲು ಹಾಕಿಕೊಂಡರು.

ಅಲ್ಲಿಂದ ಎರಡು ತಿಂಗಳು ನಾನು ಹತ್ತದ ಮೆಟ್ಟಿಲಿಲ್ಲ. ನಮ್ಮ ಪೇಟೆಯ ಕಾವಲುಗಾರ, "ಅರಮನೆ ಮೊಹರಿಗೆ ನಾನು ಎದುರಾಡ್ಲೇನಮ್ಮ? ನನಗೂ ಮಕ್ಕಳಿದಾರೆ" ಎಂದ. ನಿನಗೆ ಮಕ್ಕಳಿರುವುದರಿಂದಲೇ ಕೇಳುತ್ತಿದ್ದೇನೆ ಎಂದೆ. ಬಾಗಿಲು ಹಾಕಿಕೊಂಡ. ನ್ಯಾಯಾಧಿಪತಿಯ ಗುಮಾಸ್ತ ನನ್ನನ್ನು ಮಧ್ಯಾಹ್ನದವರೆಗೆ ನಿಲ್ಲಿಸಿ, "ಹುಡುಗನಿಗೆ ಊಟ ಹಾಕ್ತಾರೆ, ಬಟ್ಟೆ ಕೊಡ್ತಾರೆ. ಎಷ್ಟೋ ತಾಯಂದ್ರು ಹಾಸ್ಕ್ ಕೈಗೆ ಮುತ್ತು ಕೊಡ್ತಿದ್ರು" ಎಂದು ಉಪದೇಶ ಮಾಡಿದ. ಶಾಲೆಯ ಮೇಷ್ಟರು ಒಂದು ಅರ್ಜಿ ಬರೆದುಕೊಟ್ಟರು. ಪಾಪ, ಒಳ್ಳೆಯ ಮನುಷ್ಯ; ಅರ್ಜಿಯ ಅರ್ಧ ಲ್ಯಾಟಿನ್‌ನಲ್ಲಿತ್ತು. ಅದು ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಉಳಿದದ್ದು ಲೇಡಿ ಅರ್ಸುಲಾ ಡೆನ್‌ಬಿ. ಆ ಮನೆಯ ನೆರಿಗೆಪಟ್ಟಿಗಳಿಗೆಲ್ಲ ಆರು ವರ್ಷದಿಂದ ನಾನೇ ಗಂಜಿ ಹಾಕುತ್ತಿದ್ದೆ. ಅವಳ ಗಂಡ ಸರ್ ಜಾಸ್ಪರ್‌ಗೆ ಅರಮನೆಯಲ್ಲಿ ಒಳ್ಳೆಯ ಓಡಾಟವಿತ್ತು. ಅವಳ ಕಾಲ ಬಳಿ ಮಂಡಿಯೂರಿ ಎಲ್ಲವನ್ನೂ ಹೇಳಿಕೊಂಡೆ.

"ಅಯ್ಯೋ ಪಾಪ," ಎಂದಳು. "ಯಜಮಾನರ ಹತ್ರ ಮಾತಾಡ್ತೀನಿ. ಅಳಬೇಡ. ಪಟ್ಟಿ ಮೇಲೆ ಕಣ್ಣೀರು ಬೀಳುತ್ತೆ."

ಮೂರು ವಾರ ಕಾದೆ. ಪ್ರತಿ ಶುಕ್ರವಾರ ಪೆಟ್ಟಿಗೆ ಹೊತ್ತು ಹೋಗುತ್ತಿದ್ದೆ. ಪ್ರತಿ ಶುಕ್ರವಾರ, "ನೋಡೋಣ" ಎನ್ನುತ್ತಿದ್ದಳು. ನಾಲ್ಕನೆಯ ವಾರ ಅವಳೇ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. ಕೆಲಸ ಆಯಿತು ಎಂದುಕೊಂಡೆ.

"ತಾಮಸಿನ್, ನಿನ್ ಮಗನ್ನ ನೋಡ್ದೆ ಕಣೇ! ಶನಿವಾರ ನಾಟಕಕ್ಕೆ ಹೋಗಿದ್ವಿ. ಎಂಥಾ ರಾಣಿ! ಎರಡು ಕರವಸ್ತ್ರ ಒದ್ದೆ ಆಯ್ತು ನನಗೆ. ಯಜಮಾನರೂ ಮೂಗು ಒರೆಸ್ಕೊಂಡ್ರು. ಇಂಥ ಹುಡುಗನ್ನ ಮನೇಲಿಟ್ಕೊಂಡು ಏನು ಮಾಡ್ತೀಯ ಹೇಳು? ಗಂಜಿ ಕಲಸ್ತೀಯಾ?"

ಕೈಯಲ್ಲಿದ್ದ ಪೆಟ್ಟಿಗೆಯನ್ನು ಅವಳ ತಲೆಯ ಮೇಲೆ ಹಾಕಬೇಕು ಅನ್ನಿಸಿತು. ಬದಲಿಗೆ, "ನಾನೂ ಒಂದ್ಸಲ ನೋಡಬೇಕು ಅಮ್ಮಾವ್ರೇ" ಎಂದೆ. ಮಗನ ಮುಖ ಕಾಣಲು ನನಗೆ ಬೇರೆ ದಾರಿ ಇರಲಿಲ್ಲ. ಬರುವ ಶನಿವಾರ ಅವಳ ದಿಂಬು ಹೊತ್ತು ಹಿಂದೆ ನಿಲ್ಲುವ ಆಳಾಗಿ ಕರೆದುಕೊಂಡು ಹೋಗಲು ಒಪ್ಪಿದಳು. ಅದನ್ನೇ ದೊಡ್ಡ ಉಪಕಾರವೆಂಬಂತೆ ಮನೆಯ ಆಳುಗಳಿಗೆಲ್ಲ ಹೇಳಿಕೊಂಡು ಬಂದಳು.

ಸಾಲೆಯ ಕಿಟಕಿಗಳಿಗೆಲ್ಲ ಪರದೆ ಎಳೆದು, ಹಗಲಿನಲ್ಲೇ ನೂರು ಮೇಣದಬತ್ತಿ ಹಚ್ಚಿದ್ದರು. ರಂಗದ ಅಂಚಿನಲ್ಲೇ ಮುಕ್ಕಾಲಿ ಹಾಕಿಕೊಂಡು ಪುಂಡ ಶ್ರೀಮಂತರು ಹೊಗೆ ಬಿಡುತ್ತ ಕೂತಿದ್ದರು. ಅವರ ಕೊರಳಲ್ಲಿದ್ದ ಎರಡು ಪಟ್ಟಿಗಳು ನನ್ನ ಕೈಯವೇ. ನೆರಿಗೆ ನೋಡಿದ ಕೂಡಲೇ ಗುರುತು ಸಿಕ್ಕಿತು.

ಗುರುತು ಸಿಗದೇ ಹೋದದ್ದು ನನ್ನ ಮಗನದು. ಬಿಳಿ ಬಣ್ಣ ಬಳಿದ ಮುಖ, ಕೆಂಪು ಟೋಪನ್ ಕೂದಲು, ಹಸಿರು ರೇಷ್ಮೆಯ ನಿಲುವಂಗಿ. ಯಾವುದೋ ಹಿಂದಿನ ಕಾಲದ ರಾಣಿ. ಅವಳ ಒಬ್ಬನೇ ಮಗನನ್ನು ದುಷ್ಟ ರಾಜನ ಭಟರು ಹೊತ್ತೊಯ್ಯುತ್ತಾರೆ. ರಾಣಿ ಕೋಟೆಯ ಬಾಗಿಲಿಗೆ ಬಂದು ಮಗನನ್ನು ಕೊಡಿ ಎಂದು ಬೇಡುತ್ತಾಳೆ. ಮಾತುಗಳೇನೋ ಭಾರಿ ಮಾತುಗಳೇ, ಚಂದ್ರ ನಕ್ಷತ್ರ ಎಲ್ಲ ಅದರಲ್ಲಿದ್ದವು. ಭಟರು ಅವಳನ್ನು ಎತ್ತಿ ಹೊರಗೆ ತಳ್ಳಿದರು.

ರಾಣಿಯ ಎಡಗಾಲಿನ ಜೋಡು ಕಳಚಿ ಬಿತ್ತು.

ಜನ ನಕ್ಕರು. ರಾಣಿ ಕುಂಟುತ್ತ ಹಿಂದಕ್ಕೆ ಬಂದಳು. ಭಟನೊಬ್ಬ ಜೋಡನ್ನು ಕಾಲ್ಬೆರಳಿನಿಂದ ತಳ್ಳಿದ. ಅವಳು ಕಂಬ ಹಿಡಿದು ಒಂಟಿ ಕಾಲಲ್ಲಿ ನಿಂತು ಜೋಡು ಹಾಕಿಕೊಳ್ಳತೊಡಗಿದಳು. ಆ ಹೊತ್ತಿಗೆ ನಗು ನಿಂತಿತ್ತು. ಜೋಡು ಹಾಕಿಕೊಂಡು, ಎರಡೂ ಅಂಗೈಗಳನ್ನು ರೇಷ್ಮೆಯ ಹೊಟ್ಟೆಯ ಮೇಲೆ ಎರಡು ಸಲ ಒರೆಸಿಕೊಂಡಳು. ಲೇಡಿ ಅರ್ಸುಲಾ ಕರವಸ್ತ್ರ ತೆಗೆದಳು.

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಮಾನ ಹೋದ ಗಳಿಗೆ ಅದು. ಮಾಯ್ಕೆಗೆ ಕೂಡ ನಾನು ಹೇಳಿರಲಿಲ್ಲ. ಅದನ್ನು ಇಲ್ಲಿ ಮೇಣದಬತ್ತಿ ಹಚ್ಚಿ ಆಡಿಸುತ್ತಿದ್ದರು, ಜನ ಬಾದಾಮಿ ತಿನ್ನುತ್ತ ನೋಡುತ್ತಿದ್ದರು.

"ಗಿಬ್!" ಎಂದು ಕೂಗಿಬಿಟ್ಟೆ.

ರಾಣಿಯ ತಲೆ ಥಟ್ಟನೆ ತಿರುಗಿತು. ಬಿಳಿ ಬಣ್ಣದೊಳಗಿನಿಂದ ನನ್ನ ಮಗನ ಕಣ್ಣು ನನ್ನನ್ನು ನೋಡಿತು. ನನ್ನ ತೋಳಿನಲ್ಲಿದ್ದ ದಿಂಬನ್ನೂ ನೋಡಿತು. ಮುಕ್ಕಾಲಿಯ ಮೇಲಿನ ಪುಂಡನೊಬ್ಬ, "ಯಾರೇ ಅದು, ರಾಣಿಯ ದಾದಿಯೇನೇ?" ಎಂದು ಕೂಗಿದ. ಜನ ಮತ್ತೆ ನಕ್ಕರು. ಲೇಡಿ ಅರ್ಸುಲಾ ನನ್ನ ತೋಳನ್ನು ರಕ್ತ ಬರುವಂತೆ ಚಿವುಟಿದಳು. ಗಿಬ್ ಮತ್ತೆ ಭಟರತ್ತ ತಿರುಗಿ, ಮುಂದಿನ ಸಾಲು ಹೇಳಿದ.

ನಾಟಕ ಮುಗಿದ ಮೇಲೆ ದೊಡ್ಡವರು ಹರಟೆಗೆ ನಿಂತರು. ನಾನು ದಿಂಬು ಬಿಸಾಕಿ ಪರದೆಯ ಹಿಂದಕ್ಕೆ ನುಸುಳಿದೆ. ಗಿಬ್ ಮೂಲೆಯಲ್ಲಿ ಕೂತು ಎಣ್ಣೆಬಟ್ಟೆಯಿಂದ ಮುಖ ಒರೆಸುತ್ತಿದ್ದ. ಅರ್ಧ ಮುಖ ರಾಣಿ, ಅರ್ಧ ನನ್ನ ಮಗ. ನಾನು ತಬ್ಬಿಕೊಳ್ಳಬೇಕಿತ್ತು. ತಬ್ಬಿಕೊಳ್ಳಲಿಲ್ಲ.

"ಯಾರೋ ಹೇಳಿಕೊಟ್ಟಿದ್ದು ನಿನಗೆ ಅದನ್ನ?" ಎಂದೆ. "ನಿನ್ ತಾಯಿ ಮಾನ ತೆಗೆಯಕ್ಕೆ ಬೇರೆ ಜಾಗ ಸಿಗಲಿಲ್ವಾ?"

"ಯಾರೂ ಹೇಳ್ಕೊಡ್ಲಿಲ್ಲ." ಬಟ್ಟೆಯನ್ನು ನೆಲಕ್ಕೆ ಎಸೆದ. "ಹದಿನೈದು ದಿನ ಹೊಡೆದ ಅಮ್ಮ. ರಾಣಿ ತರ ಅಳು, ರಾಣಿ ತರ ಅಳು ಅಂತ. ರಾಣಿ ಹೆಂಗೆ ಅಳ್ತಾಳೆ ಅಂತ ನನಗೇನು ಗೊತ್ತು? ಮಗನ್ನ ಕಳ್ಕೊಂಡವಳು ನನಗೆ ಗೊತ್ತಿರೋದು ಒಬ್ಬಳೇ. ಅವಳನ್ನ ಮಾಡ್ದೆ. ಆ ದಿನ ಹೊಡೀಲಿಲ್ಲ."

ನಾನು ಬಗ್ಗಿ ಆ ಬಟ್ಟೆಯನ್ನು ಎತ್ತಿಕೊಂಡೆ.

"ಈಗ ಪ್ರತಿ ಶನಿವಾರ ಅದೇ ಬೇಕು ಅವನಿಗೆ. ಪ್ರತಿ ಶನಿವಾರ ನಿನ್ನನ್ನ ಬಾಗಿಲಿಂದ ಆಚೆ ಹಾಕಿಸ್ತೀನಿ. ಜನ ಚಪ್ಪಾಳೆ ಹೊಡೀತಾರೆ. ನೀನು ಬರ್ತೀಯ ಬರ್ತೀಯ ಅಂತ ಕಾದೆ. ಬಂದೆ, ಆ ಹೆಂಗಸಿನ ದಿಂಬು ಹೊತ್ಕೊಂಡು ಬಂದೆ!"

ಅಷ್ಟರಲ್ಲಿ ಹಾಸ್ಕ್ ಬಂದ. ನನ್ನ ಗುರುತು ಹಿಡಿದು ನಕ್ಕ. "ಓಹೋ, ಗಂಜಿಯಮ್ಮ! ನಿನ್ ಹುಡುಗನ ಆ ಜೋಡಿನ ಆಟ ಇದೆಯಲ್ಲ, ಊರೆಲ್ಲ ಅದೇ ಮಾತು. ಎಲ್ಲಿಂದ ಹೊಳೀತು ಅಂತ ನಮ್ಮ ಕವಿಗಳಿಗೇ ಆಶ್ಚರ್ಯ." ಅದು ಯಾರದೆಂದು ಅವನಿಗೆ ನೆನಪೇ ಇರಲಿಲ್ಲ. ನನ್ನನ್ನು ಹೊರಗೆ ಹಾಕಿಸಿದವನಿಗೆ, ಹೊರಗೆ ಹಾಕಿಸಿದ್ದು ನೆನಪಿಲ್ಲ.

ಆ ದಿನ ಮನೆಗೆ ಬಂದು ಮಾಯ್ಕೆಯ ಮುಂದೆ ಕೂತು ಎಲ್ಲ ಹೇಳಿದೆ. ಅವಳು ಬಟಾಣಿ ಬೇಯಿಸುತ್ತಿದ್ದಳು. ಸೌಟು ಕೆಳಗಿಡದೆಯೇ ಕೇಳಿಸಿಕೊಂಡು, "ದೊಡ್ಡವರಿಗೆ ನಿನ್ನ ಕಣ್ಣೀರು ಬೇಕಾಗಿಲ್ಲ ಕಣೇ," ಎಂದಳು. "ನಿನ್ನಿಂದ ಅವರಿಗೆ ಬೇಕಾಗಿರೋದು ಏನು, ಅದನ್ನ ಯೋಚನೆ ಮಾಡು."

ಯೋಚನೆ ಮಾಡಿದೆ. ಹೊಸ ವರ್ಷದ ದಿನ ದೊಡ್ಡವರೆಲ್ಲ ಕಾಣಿಕೆ ಹಿಡಿದು ಅರಮನೆಗೆ ಹೋಗುತ್ತಾರೆ. ಹಿಂದಿನ ದಿನ ಮಧ್ಯಾಹ್ನ ಡೆನ್‌ಬಿ ಮನೆಯ ಆಳುಗಳ ಮೇಲ್ವಿಚಾರಕ ಪ್ರೌಸ್ ಪಟ್ಟಿಗಳನ್ನು ಒಯ್ಯಲು ಬಂದ. ಸರ್ ಜಾಸ್ಪರ್‌ನವು ಎರಡು, ಲೇಡಿಯವು ಮೂರು. ಐದನ್ನೂ ಒಂದು ಉದ್ದ ಕೋಲಿಗೆ ಪೋಣಿಸಿ, ಕೆಂಡ ತುಂಬಿದ ಒಲೆಯ ಮೇಲೆ ಮೊಳದೆತ್ತರಕ್ಕೆ ಹಿಡಿದು ನಿಂತಿದ್ದೆ.

"ಏನೇ ಇದು? ಹುಚ್ಚು ಹಿಡಿದಿದೆಯೇನೇ?" ಎಂದ.

"ನನ್ ಮಗ ಆ ಬಾಗಿಲಲ್ಲಿ ಒಳಗೆ ಬಂದ್ರೆ ಪಟ್ಟಿ ಹೊರಗೆ ಹೋಗುತ್ತೆ. ಇಲ್ಲಾಂದ್ರೆ ನಿಮ್ ಯಜಮಾನರು ನಾಳೆ ಅರಮನೆಗೆ ಬೋಳು ಕುತ್ತಿಗೇಲಿ ಹೋಗ್ಲಿ. ಗರಿ ಕಿತ್ತ ಕೋಳಿ ತರ."

"ಜೈಲಿಗೆ ಹಾಕಿಸ್ತೀನಿ!"

"ಹಾಕ್ಸಿ. ಆದ್ರೆ ಕಾವಲಿನವನು ಬರೋ ಹೊತ್ತಿಗೆ ಇದು ಬೂದಿ."

ಅವನು ಒಂದು ಹೆಜ್ಜೆ ಮುಂದಿಟ್ಟ. ಬಾಗಿಲ ಬಳಿಯಿದ್ದ ಮಾಯ್ಕೆ ಒಲೆಯಿಂದ ಕಾದ ಕಬ್ಬಿಣದ ಕಡ್ಡಿ ಎಳೆದು, ತುದಿಗೆ ಉಗುಳಿನ ಬೆರಳು ತಾಗಿಸಿ ಚುಂಯ್ ಎನ್ನಿಸಿದಳು. ಪ್ರೌಸ್ ಹಿಂದಕ್ಕೆ ಸರಿದು, ಬಂದ ದಾರಿ ಹಿಡಿದ.

ಎರಡು ಗಂಟೆಯ ಹೊತ್ತು ಕೋಲು ಹಿಡಿದು ನಿಂತೆ. ರೆಟ್ಟೆ ಬಿದ್ದುಹೋಯಿತು. ಮಾಯ್ಕೆ ಕೋಲಿನ ಕೆಳಗೆ ಆಸರೆಗೆ ಪೊರಕೆ ತಂದು ಕೊಟ್ಟಳು. ಬಿಸಿಗೆ ಪಟ್ಟಿ ಹಳದಿಗಟ್ಟದಂತೆ ಆಗಾಗ ಕೋಲು ತಿರುಗಿಸುತ್ತಿದ್ದೆ. ಸುಡುತ್ತೇನೆಂದು ಹೆದರಿಸಿದವಳೇ ಸುಡದಂತೆ ಕಾಯುತ್ತಿದ್ದೆ. ಕಸುಬಿನ ಕೈಗೆ ಕೋಪ ಗೊತ್ತಾಗುವುದಿಲ್ಲ ನೋಡಿ. ಅದಕ್ಕೂ ನನ್ನ ಮೇಲೆ ನನಗೇ ಸಿಟ್ಟು ಬಂತು.

ಆಮೇಲೆ ಪ್ರೌಸ್ ಗಿಬ್‌ನ ಕೊರಳಪಟ್ಟಿ ಹಿಡಿದು ತಂದು ಒಳಗೆ ತಳ್ಳಿದ.

"ತಗೋ ನಿನ್ ರಾಣೀನ. ವಿಷಯ ಕೇಳಿ ಯಜಮಾನರು ಹೊಟ್ಟೆ ಹಿಡ್ಕೊಂಡು ನಕ್ಕರು. ಗಂಜಿಯವಳು ನನ್ನ ಕುತ್ತಿಗೆಗೇ ಕೈ ಹಾಕಿದ್ಲು ಅಂತ ಊಟಕ್ಕೆ ಬಂದೋರಿಗೆಲ್ಲ ಹೇಳಿದ್ರು. ಅಲ್ಲೇ ಹಾಸ್ಕ್‌ಗೆ ಎರಡು ಸಾಲು ಬರೆದುಕೊಟ್ರು."

ಎರಡೇ ಸಾಲು. ಆರು ವರ್ಷ ಅವರ ಪಟ್ಟಿಗಳಿಗೆ ಗಂಜಿ ಹಾಕಿದ್ದೆ. ಮಂಡಿಯೂರಿ ಅತ್ತಿದ್ದೆ. ಮೂರು ತಿಂಗಳು ನನ್ನ ಮಗ ಆ ಬೆತ್ತದ ಕೆಳಗೆ ಬದುಕಿದ್ದ. ಎರಡು ಸಾಲಿನ ಕೆಲಸ ಅದು. ಊಟದ ನಡುವೆ ನಗುತ್ತ ಮುಗಿಸುವಂಥದ್ದು. ಪಟ್ಟಿಗಳನ್ನು ಕೊಟ್ಟೆ. ಒಂದು ನೆರಿಗೆಯೂ ಕೆಟ್ಟಿರಲಿಲ್ಲ. ಆ ಮನೆಯ ಕೆಲಸ ಅಲ್ಲಿಗೆ ತಪ್ಪಿತು, ಬೇರೆ ದೊಡ್ಡ ಮನೆಗಳವರೂ ಸುದ್ದಿ ಕೇಳಿ ಬಿಟ್ಟರು. ಈಗ ಗುಮಾಸ್ತರ, ಅಂಗಡಿಯವರ ಚಿಕ್ಕ ಪಟ್ಟಿಗಳಿಂದ ನನ್ನ ಒಲೆ ಉರಿಯುತ್ತದೆ.

ಗಿಬ್ ಬಂದ ಎಂದು ಎಲ್ಲವೂ ಸರಿಹೋಗಲಿಲ್ಲ. ಊಟ ಹಾಕಿದರೆ ಅನುಮತಿ ಕೇಳಿ ತಿನ್ನುತ್ತಿದ್ದ. ಯಾರಾದರೂ ಕೋಲು ಎತ್ತಿದರೆ, ನಾಯಿಗೆ ಎತ್ತಿದ್ದಾದರೂ ಸರಿ, ಮೈ ಕುಗ್ಗಿಸುತ್ತಿದ್ದ. ಓಣಿಯವರು, "ಎಲ್ಲಿ, ಒಂದ್ಸಲ ರಾಣಿ ಮಾಡು ನೋಡೋಣ" ಎನ್ನುತ್ತಿದ್ದರು. ಶಾಲೆಯ ಹುಡುಗರು ಬಾಗಿ ಬಾಗಿ ವಂದನೆ ಮಾಡಿ ಅವನ ಜೋಡು ಕಸಿಯುತ್ತಿದ್ದರು. ಫೆಬ್ರವರಿಯ ಒಂದು ಸಂಜೆ ಮೂಗಿನಲ್ಲಿ ರಕ್ತ ಸುರಿಸಿಕೊಂಡು ಬಂದ. ಒದ್ದೆ ಬಟ್ಟೆ ಇಟ್ಟು ಒತ್ತುತ್ತಿದ್ದೆ.

"ಅಮ್ಮಾ, ಈಗ ವಾಟ್ ಮಾಡ್ತಾನೆ," ಎಂದ.

"ಯಾರು ವಾಟ್?"

"ವಾಟ್ ಸಿಬ್ಲಿ. ಹತ್ತು ವರ್ಷ ಅವನಿಗೆ. ಪ್ರೌಸ್ ಬಂದಾಗ ಹಾಸ್ಕ್ ಒಂದು ಗಂಟೆ ಟೈಮ್ ಕೇಳಿದ. ಜೋಡಿಂದು, ಕೈ ಒರೆಸ್ಕೊಳ್ಳೋದು, ಎಲ್ಲಾ ವಾಟ್‌ಗೆ ಕಲಿಸಿದ್ರೇನೇ ಬಿಡ್ತೀನಿ ಅಂದ. ಕಲಿಸ್ದೆ." ಅವನು ನನ್ನ ಮುಖ ನೋಡಲಿಲ್ಲ. "ಚೆನ್ನಾಗಿ ಕಲಿಸ್ದೆ. ಇಲ್ಲಾಂದ್ರೆ ಅವನಿಗೆ ಹೊಡೀತಾರೆ."

ಮೊದಲು ಅವನಿಗೇ ಒಂದು ಬಾರಿಸಬೇಕು ಅನ್ನಿಸಿತು, ನಿಜ ಹೇಳುತ್ತೇನೆ. ನನ್ನ ಮಾನವನ್ನು ಹಳೆಯ ಅಂಗಿಯ ಹಾಗೆ ಇನ್ನೊಬ್ಬನಿಗೆ ದಾಟಿಸಿ ಬಂದಿದ್ದ. ಆಮೇಲೆ ನಾಚಿಕೆಯಾಯಿತು. ನನ್ನ ಮಗ ಮನೆಗೆ ಬಂದ ದಿನದಿಂದ, ಆ ಸಾಲೆಯಲ್ಲಿ ಇನ್ನೂ ಹುಡುಗರಿದ್ದಾರೆ ಎಂಬುದನ್ನು ನಾನು ಒಂದು ಸಲವೂ ನೆನೆದಿರಲಿಲ್ಲ.

"ಅವನ ತಾಯಿ ಎಲ್ಲಿರ್ತಾಳೆ?" ಎಂದೆ.

ವಾಟ್‌ನ ತಾಯಿ ಎಮ್ ಹೊಳೆಯಾಚೆ ಲ್ಯಾಂಬೆತ್‌ನಲ್ಲಿದ್ದಳು. ಬುಟ್ಟಿಯಲ್ಲಿ ಸಿಂಪಿ, ಅಂದರೆ ಚಿಪ್ಪುಮೀನು, ಹೊತ್ತು ಮಾರುವವಳು. ಗಿಬ್‌ನನ್ನು ಕರೆದುಕೊಂಡು ದೋಣಿಯಲ್ಲಿ ಹೊಳೆ ದಾಟಿ ಹೋದಾಗ ಚಾಕುವಿನಿಂದ ಚಿಪ್ಪು ಬಿಡಿಸುತ್ತ ಕೂತಿದ್ದಳು. ನಾವು ಯಾರು, ಏಕೆ ಬಂದೆವೆಂದು ಹೇಳಿದೆ. ಚಾಕು ನಿಲ್ಲಲಿಲ್ಲ.

"ನೀನು ಅದೃಷ್ಟವಂತೆ ಕಣಕ್ಕ," ಎಂದಳು. "ನಿನ್ ಕೈಲಿ ಅವರ ಕುತ್ತಿಗೆ ಇತ್ತು, ಹಿಡಿದೆ. ನನ್ ಕೈಲಿ ಏನಿದೆ? ನಾಳೆಯಿಂದ ಸಿಂಪಿ ಕೊಡಲ್ಲ ಅಂದ್ರೆ ಹಾಸ್ಕ್ ಸಾಯ್ತಾನಾ? ಪಕ್ಕದವಳ ಹತ್ರ ತಿಂತಾನೆ."

ಗಿಬ್ ಅವಳೆದುರು ಕುಕ್ಕರುಗಾಲಲ್ಲಿ ಕೂತ.

"ಅತ್ತೆ, ವಾಟ್ ಎಡಗೈ ಹುಡುಗ ಅಲ್ವಾ?" ಎಂದ. "ಭಟನ ಪಾತ್ರದಲ್ಲಿ ಬಲಗೈಯಲ್ಲೇ ಕತ್ತಿ ಹಿಡೀಬೇಕು ಅಂತ ಎಡಗೈಗೆ ಹೊಡೀತಾರೆ. ಆದ್ರೂ ಚೆನ್ನಾಗಿದಾನೆ. ಬ್ರೆಡ್ಡಿನ ಚೂರು ಹಾಕಿ ಇಲಿ ಸಾಕಿದಾನೆ."

ಆಗ ಅವಳ ಚಾಕು ನಿಂತಿತು. ಅವಳು ಬಿಕ್ಕಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಬುಟ್ಟಿಯ ಮೇಲೆ ಒದ್ದೆ ಗೋಣಿ ಮುಚ್ಚಿ ಎದ್ದು ನಿಂತು, "ಯಾವತ್ತು ಆಟ ಇರೋದು?" ಎಂದಳು.

ಶನಿವಾರ ನಾವು ಮೂವರೂ ಸಾಲೆಯ ಹೊರಬಾಗಿಲಿನ ಎದುರು, ಬೀದಿಯ ಆಚೆ ಬದಿಗೆ ನಿಂತೆವು. ಬೀದಿ ಯಾರಪ್ಪನದೂ ಅಲ್ಲ. ದೊಡ್ಡವರ ಗಾಡಿಗಳು ಬರತೊಡಗಿದವು. ನಾನು ಬಾಯಿ ತೆರೆಯುವ ಮೊದಲೇ ಗಿಬ್ ಒಂದು ಹೆಜ್ಜೆ ಮುಂದೆ ಹೋದ. ಹಾಸ್ಕ್ ಕಲಿಸಿದ ದನಿ ಅದು, ಸಾಲೆಯ ಕೊನೆಯ ಬೆಂಚಿಗೂ ತಲುಪುವಂಥದ್ದು.

"ಒಳಗೆ ರಾಣಿ ಆಗಿರೋನ ಹೆಸರು ವಾಟ್ ಸಿಬ್ಲಿ! ಹತ್ತು ವರ್ಷ! ನವೆಂಬರ್‌ನಲ್ಲಿ ಮೀನು ಕಟ್ಟೆ ಹತ್ರ ಹಿಡ್ಕೊಂಡು ಬಂದ್ರು! ಅವನಿಗೂ ಹಾಡಕ್ಕೆ ಬರಲ್ಲ! ಅವನ ತಾಯಿ ಎಮ್ ಸಿಬ್ಲಿ, ಇಲ್ಲೇ ನಿಂತಿದಾಳೆ, ನೋಡ್ಕೊಂಡು ಹೋಗಿ!"

ಎಮ್ ಎರಡು ಕೈ ಕಟ್ಟಿ, ಇಳಿದು ಬರುವ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸುತ್ತ ನಿಂತಳು. ಲೇಡಿ ಅರ್ಸುಲಾ ಗಾಡಿಯಿಂದಿಳಿದಳು. ಅವಳ ಕೊರಳಪಟ್ಟಿಯ ಗಂಜಿ ಒಂದೇ ಸಮನಾಗಿರಲಿಲ್ಲ, ಬಲಗಡೆ ಜೋತುಬಿದ್ದಿತ್ತು. ನಮ್ಮನ್ನು ನೋಡಿ ಹಿಗ್ಗಿ, "ಅರೆ, ನಮ್ಮ ರಾಣಿ! ಇದೂ ನಾಟಕದಲ್ಲಿದೆಯೇನೋ?" ಎಂದಳು.

"ಇಲ್ಲ ಅಮ್ಮಾವ್ರೇ," ಎಂದ ಗಿಬ್. "ಒಳಗೆ ನೀವು ಅಳ್ತೀರಲ್ಲ, ಇವರಿಗೋಸ್ಕರಾನೇ ಅಳೋದು. ಇಲ್ಲೇ ಅತ್ತುಬಿಡಿ. ಒಳಗ್ಯಾಕೆ ಹೋಗ್ತೀರಿ?"

ಅವಳ ಮುಖ ಕೆಂಪಾಯಿತು. ಸರಸರ ಒಳಗೆ ಹೋದಳು. ಹೆಚ್ಚಿನವರು ಒಳಗೇ ಹೋದರು, ಸುಳ್ಳು ಹೇಳುವುದಿಲ್ಲ. ಒಬ್ಬ ಮುದುಕ ಮಾತ್ರ ಟೋಪಿ ತೆಗೆದು, ಗಾಡಿ ಹತ್ತಿ ಹಿಂದಿರುಗಿದ. ಕಾವಲಿನವರು ನಮ್ಮ ಮೇಲೆ ಕೊಳಕು ನೀರು ಸುರಿದರು. ಮುಂದಿನ ಶನಿವಾರ ಮತ್ತೆ ಹೋದೆವು. ಮಾಯ್ಕೆಯೂ ಬಂದಳು, ನೀರು ಹೊರುವ ಹಾಬ್ ಕೂಡ ಬಂದ. ಮೂರನೆಯ ಶನಿವಾರ, ಎಮ್‌ಳ ಮುಖ ದಾಟಿ ಒಳಗೆ ಹೋಗಿದ್ದ ಹೆಂಗಸರಿಬ್ಬರು ಅರ್ಧ ಆಟಕ್ಕೇ ಎದ್ದು ಬಂದರು. ನಾಲ್ಕನೆಯ ವಾರ, ಜೋಡು ಕಳಚಿದಾಗ ಒಬ್ಬರೂ ಅಳಲಿಲ್ಲವಂತೆ. ಎಲ್ಲರೂ ಕೂತಲ್ಲೇ ಮಿಸುಕಾಡಿದರಂತೆ.

ಐದನೆಯ ಶನಿವಾರ, ಆಟಕ್ಕೆ ಇನ್ನೂ ಹೊತ್ತಿರುವಾಗಲೇ, ಹಾಸ್ಕ್ ಪಕ್ಕದ ಬಾಗಿಲು ತೆಗೆದು ಒಬ್ಬ ಪುಟ್ಟ ಹುಡುಗನನ್ನು ಬೀದಿಗೆ ನೂಕಿದ.

"ತಗೊಂಡು ಹೋಗಿ," ಎಂದ. ಬೆಣ್ಣೆ ಮಾತು ಅಂದು ಇರಲಿಲ್ಲ. "ಇಂಥವು ಹತ್ತು ಸಿಗ್ತವೆ ನನಗೆ."

ಎಮ್ ಓಡಿಹೋಗಿ ಮಗನ ಕೆನ್ನೆಗೆ ಫಟಾರನೆ ಒಂದು ಕೊಟ್ಟಳು. "ಮೀನು ಕಟ್ಟೆಗೆ ಒಬ್ಬನೇ ಹೋಗ್ಬೇಡ ಅಂತ ಎಷ್ಟು ಸಲ ಹೇಳಿದ್ದೆ!" ಎಂದು ಚೀರಿ, ಅಲ್ಲೇ ಕೆಸರಿನಲ್ಲಿ ಕೂತು ಅವನನ್ನು ಮಡಿಲಿಗೆ ಎಳೆದುಕೊಂಡಳು. ವಾಟ್ ಅಂಗಿಯೊಳಗೆ ಕೈಹಾಕಿ ಇಲಿ ಇದೆಯೇ ಎಂದು ನೋಡಿಕೊಂಡ.

ನಾನು ಹಾಸ್ಕ್‌ನನ್ನು ನೋಡುತ್ತ ನಿಂತೆ. ಮೊಹರಿನ ಕಾಗದ ಅವನ ಜೇಬಿನಲ್ಲಿ ಹಾಗೆಯೇ ಇದೆ. ಅದರಲ್ಲಿ ಏನು ಬರೆದಿದೆಯೋ ನನಗೆ ಇನ್ನೂ ತಿಳಿಯದು. ಗಿಬ್ ಈಗ ಸಂಜೆ ಹೊತ್ತು ಅಕ್ಷರ ಹೇಳಿಕೊಡುತ್ತಾನೆ, ನಾನು ಬೇಗ ಸಿಡುಕುತ್ತೇನೆ, ಆದರೂ ಬಿಟ್ಟಿಲ್ಲ. ಒಳಗೆ ಇನ್ನೂ ಒಂಬತ್ತು ಹುಡುಗರಿದ್ದಾರೆ. ಅವರಲ್ಲಿ ಮೂವರ ಹೆಸರು, ಊರು ವಾಟ್‌ಗೆ ಗೊತ್ತಿತ್ತು. ಅವರ ತಾಯಂದಿರನ್ನು ಹುಡುಕಬೇಕೆಂದು ಹೇಳಿಸಿಕೊಂಡು ಬಂದೆವು.